ಗಣಿತದ ತರಗತಿಯಲ್ಲಿ ಕೂಡಿ ಕಲಿಯುವುದೂ ಪ್ರಶ್ನೆ ಕೇಳುವುದೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಕೇಳಿದಾಗ ವಿಷಯವನ್ನು ಹುಡುಕಿಕೊಂಡು ನಾವು ಬಹಳ ದೂರ ಹೋಗಬೇಕಾಗಲಿಲ್ಲ. ಕಳೆದ ವರ್ಷ ಮಗಳ ಅಂಕಪಟ್ಟಿಯನ್ನು ನೋಡುವುದಕ್ಕಾಗಿ ಬಂದಿದ್ದ ತಂದೆಯೊಬ್ಬರು ಎಂಟನೆಯ ತರಗತಿಯ ಬಾಗಿಲಲ್ಲಿ ನಿಂತು, "ಅಮ್ಮನವರೇ, ಒಳಗೆ ಉಪಾಧ್ಯಾಯಿನಿಯವರು ಇಲ್ಲವೇ? ಇಷ್ಟೊಂದು ಗದ್ದಲವೇಕೆ?" ಎಂದು ಕೇಳಿದರು. ಉಪಾಧ್ಯಾಯಿನಿಯವರು ಒಳಗೇ ಇದ್ದರು. ನಡೆಯುತ್ತಿದ್ದದ್ದು ಗಣಿತದ ಪಾಠ. ಮಕ್ಕಳು ನಾಲ್ವರು ನಾಲ್ವರಾಗಿ ಕುಳಿತು ಒಂದು ಲೆಕ್ಕದ ವಿಷಯದಲ್ಲಿ ವಾದಿಸುತ್ತಿದ್ದರು. ಆ ತಂದೆಯವರಿಗೆ ಆ ಹೊತ್ತಿನಲ್ಲಿ ನಾವು ಕೊಟ್ಟ ಉತ್ತರ ಚಿಕ್ಕದು. ಅವರ ಪ್ರಶ್ನೆಯು ಇನ್ನೂ ಅನೇಕರ ಮನಸ್ಸಿನಲ್ಲಿ ಇರುವುದೆಂದು ಬಲ್ಲೆವಾದುದರಿಂದ, ಪೂರ್ಣವಾದ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಹಳೆಯ ವಿದ್ಯಾರ್ಥಿನಿಯರಿಗೆ ತಮ್ಮ ಕಾಲದ ಗಣಿತದ ಪಾಠವು ನೆನಪಿದ್ದೀತು. ಉಪಾಧ್ಯಾಯಿನಿಯು ಕರಿಹಲಗೆಯ ಮೇಲೆ ಒಂದು ಲೆಕ್ಕವನ್ನು ಬಿಡಿಸುವಳು. ಮಕ್ಕಳು ಅದನ್ನು ಪುಸ್ತಕಕ್ಕೆ ಇಳಿಸಿಕೊಳ್ಳುವರು. ಅದೇ ಬಗೆಯ ಹತ್ತು ಲೆಕ್ಕಗಳನ್ನು ಮನೆಯಲ್ಲಿ ಮಾಡಿಕೊಂಡು ಬರುವರು. ಪಕ್ಕದವಳ ಪುಸ್ತಕವನ್ನು ನೋಡುವುದು ತಪ್ಪು, ಪಕ್ಕದವಳೊಡನೆ ಮಾತನಾಡುವುದು ಅದಕ್ಕಿಂತಲೂ ದೊಡ್ಡ ತಪ್ಪು. "ತಿಳಿಯಿತೇ?" ಎಂದು ಕೇಳಿದರೆ ತರಗತಿಯೆಲ್ಲವೂ ಒಂದೇ ಸ್ವರದಲ್ಲಿ "ತಿಳಿಯಿತು" ಎನ್ನುವುದು. ಈ ಕ್ರಮದಿಂದ ಒಳ್ಳೆಯದೇನೂ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. ಬಾಯಿಪಾಠವಾದ ಮಗ್ಗಿಯೂ ಶುದ್ಧವಾದ ಬರಹವೂ ಇಂದಿಗೂ ಬೇಕಾದವುಗಳೇ. ಆದರೆ ಆ ಮೌನದ ಕೆಳಗೆ ಏನಿತ್ತೆಂಬುದನ್ನು ನಾವು ವಿಚಾರಿಸಲಿಲ್ಲ.

ಈ ಮಾತನ್ನು ಇತರರ ಮೇಲೆ ದೂರಾಗಿ ಹೇಳುತ್ತಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಾವೂ ಹೀಗೆಯೇ ಪಾಠ ಹೇಳಿದವರು. ನಮ್ಮ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುವುದೆಂದು ಹೆಮ್ಮೆಪಟ್ಟವರು. ಆಗ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಆಕೆಯ ಅಕ್ಷರಗಳು ಮುತ್ತು ಪೋಣಿಸಿದಂತೆ. ಕರಿಹಲಗೆಯ ಮೇಲಿದ್ದ ಒಂದು ಚುಕ್ಕೆಯೂ ಆಕೆಯ ಪುಸ್ತಕದಲ್ಲಿ ತಪ್ಪುತ್ತಿರಲಿಲ್ಲ. ನಾವು ಆ ಪುಸ್ತಕವನ್ನು ಇತರರಿಗೆ ಮಾದರಿಯಾಗಿ ತೋರಿಸಿದೆವು. ಮರುವರ್ಷ ಆಕೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತವೊಂದರಲ್ಲಿಯೇ ಅನುತ್ತೀರ್ಣಳಾದಳು. ಕರೆದು ವಿಚಾರಿಸಲಾಗಿ, ಅರ್ಧವನ್ನು ಕಾಲರಿಂದ ಭಾಗಿಸಿದರೆ ಎರಡು ಬರುವುದು ಹೇಗೆ, ಭಾಗಿಸಿದ ಮೇಲೆ ಸಂಖ್ಯೆಯು ದೊಡ್ಡದಾಗುವುದು ಹೇಗೆ ಎಂಬುದು ಆಕೆಗೆ ಆರನೆಯ ತರಗತಿಯಿಂದಲೂ ತಿಳಿದಿರಲಿಲ್ಲವೆಂದು ಗೊತ್ತಾಯಿತು. "ಕೇಳಲಿಲ್ಲವೇಕಮ್ಮಾ?" ಎಂದೆವು. "ಯಾವಾಗ ಕೇಳಬೇಕೆಂದು ತಿಳಿಯಲಿಲ್ಲ" ಎಂದಳು. ಆಕೆ ಮರಳಿ ಪರೀಕ್ಷೆಗೆ ಕುಳಿತುಕೊಳ್ಳಲಿಲ್ಲ.

ಅರ್ಧ ರೊಟ್ಟಿಯಲ್ಲಿ ಕಾಲು ರೊಟ್ಟಿಗಳು ಎಷ್ಟು ಎಂದು ಬೆಂಚಿನಲ್ಲಿ ಪಕ್ಕಕ್ಕೆ ಕುಳಿತವಳು ಒಂದು ನಿಮಿಷದಲ್ಲಿ ಆಕೆಗೆ ತೋರಿಸಬಹುದಾಗಿತ್ತು. ಹಾಗೆ ತೋರಿಸಲು ನಾವು ಎಡೆಗೊಡಲಿಲ್ಲ. ನಾಲ್ಕು ವರ್ಷ ಆಕೆ ಹೊತ್ತುಕೊಂಡ ಸಂಶಯವು ಒಂದು ಪ್ರಶ್ನೆಯಷ್ಟೇ ದೂರದಲ್ಲಿತ್ತು. ನಮ್ಮ ಪದ್ಧತಿಯನ್ನು ಬದಲಾಯಿಸಿದ್ದು ಯಾವ ಸುತ್ತೋಲೆಯೂ ಅಲ್ಲ. ಆಕೆಯ ಆ ಒಂದು ಮಾತೇ.

ಈಗ ಮಾಡುವುದೇನೆಂಬುದನ್ನು ವಿವರಿಸೋಣ. ವಾರದ ಗಣಿತದ ಪಾಠಗಳಲ್ಲಿ ಒಂದೆರಡನ್ನು ಕೂಡಿ ಮಾಡುವ ಕೆಲಸಕ್ಕಾಗಿ ಇಟ್ಟುಕೊಂಡಿದ್ದೇವೆ. ಅವುಗಳಲ್ಲಿ ಮೊದಲನೆಯದನ್ನು ಮಕ್ಕಳು "ಚೀಟಿಯ ಲೆಕ್ಕ" ಎಂದು ಕರೆಯುತ್ತಾರೆ. ನಾಲ್ವರ ಗುಂಪಿಗೆ ನಾಲ್ಕು ಚೀಟಿಗಳನ್ನು ಕೊಡುತ್ತೇವೆ, ಒಬ್ಬೊಬ್ಬಳಿಗೆ ಒಂದೊಂದು. ತನ್ನ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಬಹುದು. ಇನ್ನೊಬ್ಬಳ ಕೈಗೆ ಕೊಡಕೂಡದು. ಒಂದು ಬುಟ್ಟಿಯಲ್ಲಿ ಮಾವಿನ ಹಣ್ಣುಗಳಿವೆ ಎನ್ನೋಣ. ಮೊದಲನೆಯವಳ ಚೀಟಿಯಲ್ಲಿ "ಹಣ್ಣುಗಳು 100ಕ್ಕಿಂತ ಕಡಿಮೆ" ಎಂದಿರುವುದು. ಎರಡನೆಯವಳದರಲ್ಲಿ "ಮೂರು ಮೂರಾಗಿ ಎಣಿಸಿದರೆ 2 ಉಳಿಯುತ್ತವೆ", ಮೂರನೆಯವಳದರಲ್ಲಿ "ನಾಲ್ಕು ನಾಲ್ಕಾಗಿ ಎಣಿಸಿದರೆ 3 ಉಳಿಯುತ್ತವೆ", ನಾಲ್ಕನೆಯವಳದರಲ್ಲಿ "ಐದೈದಾಗಿ ಎಣಿಸಿದರೆ 4 ಉಳಿಯುತ್ತವೆ" ಎಂದಿರುವುದು. ಹಣ್ಣುಗಳೆಷ್ಟು?

ಒಮ್ಮೆ ಈ ಲೆಕ್ಕವನ್ನು ಕೊಟ್ಟಾಗ ಒಂದು ಗುಂಪಿನ ಚುರುಕಾದ ಹುಡುಗಿಯರಿಬ್ಬರು ಸಂಖ್ಯೆಗಳನ್ನು ಒಂದೊಂದಾಗಿ ಬರೆದು ಅಳಿಸುತ್ತ ಇದ್ದರು. ಎಂದೂ ಬಾಯಿ ತೆರೆಯದ ಮೂರನೆಯವಳು ಮೆಲ್ಲನೆ, "ಎಲ್ಲರ ಚೀಟಿಯಲ್ಲಿಯೂ ಒಂದೊಂದೇ ಕಡಿಮೆಯಾಗಿದೆಯಲ್ಲವೇ? ಬುಟ್ಟಿಗೆ ಇನ್ನೊಂದು ಹಣ್ಣು ಹಾಕಿದರೆ ಏನೂ ಉಳಿಯುವುದಿಲ್ಲವಲ್ಲವೇ?" ಎಂದಳು. ಆ ಪ್ರಶ್ನೆಯೇ ಬೀಗದ ಕೈ. ಇನ್ನೊಂದು ಹಣ್ಣು ಸೇರಿದರೆ ಮೂರರಿಂದಲೂ ನಾಲ್ಕರಿಂದಲೂ ಐದರಿಂದಲೂ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ, ಅಂದರೆ 60, ಬರುವುದು. ಆದಕಾರಣ ಬುಟ್ಟಿಯಲ್ಲಿದ್ದದ್ದು 59. ಲಘುತಮ ಸಾಮಾನ್ಯ ಅಪವರ್ತ್ಯ ಎಂಬ ದೊಡ್ಡ ಹೆಸರನ್ನು ಪುಸ್ತಕದಲ್ಲಿ ಓದಿಯೂ ಅದರ ಉಪಯೋಗವನ್ನು ಕಾಣದಿದ್ದ ಮಕ್ಕಳು ಆ ದಿನ ಅದನ್ನು ಕಂಡರು.

ಲೆಕ್ಕವು ಅಲ್ಲಿಗೆ ಮುಗಿಯುವುದಿಲ್ಲ. "ಒಬ್ಬಳ ಚೀಟಿ ಕಳೆದುಹೋದರೆ ಏನಾಗುವುದು?" ಎಂದು ಕೇಳುತ್ತೇವೆ. ಮೂರರ ಚೀಟಿ ಇಲ್ಲವಾದರೆ 19, 39, 59, 79, 99 ಎಂದು ಐದು ಉತ್ತರಗಳು ಬರುವವು. ನಾಲ್ಕರ ಚೀಟಿ ಇಲ್ಲವಾದರೆ ಆರು. ಐದರ ಚೀಟಿ ಇಲ್ಲವಾದರೆ ಎಂಟು. ನೂರರ ಚೀಟಿಯೇ ಕಳೆದುಹೋದರೆ 59, 119, 179 ಎಂದು ಉತ್ತರಗಳಿಗೆ ಕೊನೆಯೇ ಇಲ್ಲ. ಗುಂಪಿನಲ್ಲಿ ಒಬ್ಬಳೂ ಹೆಚ್ಚಿನವಳಲ್ಲ, ಒಬ್ಬಳೂ ಬೇಡವಾದವಳಲ್ಲ ಎಂಬ ಸಂಗತಿಯನ್ನು ನಾವು ಉಪದೇಶ ಮಾಡಬೇಕಾಗಿಲ್ಲ; ಲೆಕ್ಕವೇ ಅದನ್ನು ಸಿದ್ಧಾಂತಪಡಿಸಿ ತೋರಿಸುವುದು.

ಎರಡನೆಯ ಕೆಲಸಕ್ಕೆ ಚೀಟಿಯೂ ಬೇಡ. ಎಂಟು ಮಂದಿ ಹುಡುಗಿಯರನ್ನು ಮುಂದೆ ನಿಲ್ಲಿಸಿ, "ಪ್ರತಿಯೊಬ್ಬಳೂ ಉಳಿದವರಿಗೆಲ್ಲ ಒಂದೊಂದು ಸಾರಿ ವಂದಿಸಬೇಕು, ಒಟ್ಟು ವಂದನೆಗಳೆಷ್ಟು?" ಎಂದು ಕೇಳುತ್ತೇವೆ. ಕೆಲವು ಗುಂಪುಗಳು ಎಂಟನ್ನು ಏಳರಿಂದ ಗುಣಿಸಿ 56 ಎನ್ನುವವು. ಕೆಲವು 28 ಎನ್ನುವವು. ವಾದವು ಕಾವೇರುವುದು. ಕಡೆಗೆ ಯಾವಳಾದರೂ, "ನಾನು ನಿನಗೆ ಮಾಡಿದ್ದೂ ನೀನು ನನಗೆ ಮಾಡಿದ್ದೂ ಒಂದೋ ಎರಡೋ?" ಎಂದು ಕೇಳುವಳು. ಕೈಮುಗಿಯುವ ನಮಸ್ಕಾರವಾದರೆ ನನ್ನದು ಬೇರೆ, ನಿನ್ನದು ಬೇರೆ, 56 ಸರಿ. ಕೈಕುಲುಕುವುದಾದರೆ ಇಬ್ಬರಿಗೂ ಸೇರಿ ಒಂದೇ, 28 ಸರಿ. ಎರಡು ಪಂಗಡದವರೂ ತಪ್ಪು ಮಾಡಿರಲಿಲ್ಲ. ಉತ್ತರಕ್ಕಾಗಿ ಜಗಳವಾಡುವುದಕ್ಕೆ ಮುಂಚೆ ಪ್ರಶ್ನೆಯ ಅರ್ಥವನ್ನು ಕೇಳಬೇಕೆಂಬುದನ್ನು ಮಕ್ಕಳು ಹೀಗೆ ಕಲಿಯುತ್ತಾರೆ. ದೊಡ್ಡವರ ಎಷ್ಟೋ ಜಗಳಗಳಿಗೂ ಇದೇ ಔಷಧವೆಂದು ಹೇಳಬೇಕಾದದ್ದಿಲ್ಲ.

ಮೂರನೆಯದು ಮೇಲಿನ ತರಗತಿಗಳಿಗೆ. ಒಂದು ವೃತ್ತವನ್ನು ಬರೆದು ಅದರ ಅಂಚಿನಲ್ಲಿ ಬಿಂದುಗಳನ್ನಿಟ್ಟು, ಪ್ರತಿಯೊಂದು ಬಿಂದುವನ್ನೂ ಉಳಿದೆಲ್ಲ ಬಿಂದುಗಳಿಗೆ ಸರಳರೇಖೆಗಳಿಂದ ಸೇರಿಸಬೇಕು. ವೃತ್ತವು ಎಷ್ಟು ತುಂಡುಗಳಾಗುವುದೆಂದು ಎಣಿಸಬೇಕು. ಎರಡು ಬಿಂದುಗಳಿಗೆ 2 ತುಂಡು, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. "ಆರಕ್ಕೆ?" ಎಂದರೆ ತರಗತಿಯೆಲ್ಲ ಒಂದೇ ಬಾಯಿಂದ "32" ಎನ್ನುವುದು. "ಎಣಿಸಿ ನೋಡಿರಿ" ಎನ್ನುತ್ತೇವೆ. ಒಂದು ಗುಂಪಿಗೆ 31 ಬರುವುದು. ಬಿಂದುಗಳನ್ನು ಸಮನಾದ ಅಂತರದಲ್ಲಿಟ್ಟ ಇನ್ನೊಂದು ಗುಂಪಿಗೆ 30. 32 ಯಾರಿಗೂ ಬರುವುದಿಲ್ಲ. ಮತ್ತೆ ಎಣಿಸುವರು, ಪುಸ್ತಕಗಳನ್ನು ಬದಲಾಯಿಸಿಕೊಂಡು ಎಣಿಸುವರು. ಸಮಾಂತರದಲ್ಲಿಟ್ಟರೆ ಮೂರು ರೇಖೆಗಳು ನಡುವಿನ ಒಂದೇ ಬಿಂದುವಿನಲ್ಲಿ ಕೂಡುವುದರಿಂದ ಒಂದು ತುಂಡು ಇಲ್ಲವಾಗುವುದೆಂದು ಯಾವಳೋ ಕಂಡುಹಿಡಿಯುವಳು. ನಾಲ್ಕು ಸಾರಿ ನಿಜವಾದದ್ದು ಐದನೆಯ ಸಾರಿ ನಿಜವಾಗಲೇಬೇಕೆಂದಿಲ್ಲ, ಎಲ್ಲರೂ ಒಟ್ಟಾಗಿ ಹೇಳಿದ ಮಾತ್ರಕ್ಕೆ ಒಂದು ಮಾತು ಸತ್ಯವಾಗುವುದಿಲ್ಲ ಎಂಬ ಎರಡು ಪಾಠಗಳು ಅರ್ಧ ಗಂಟೆಯಲ್ಲಿ ಆಗುವವು. ಕೂಡಿ ಕೆಲಸ ಮಾಡುವುದೆಂದರೆ ಎಲ್ಲರೂ ತಲೆಯಾಡಿಸುವುದೆಂದು ತಿಳಿದವರಿಗೆ ಈ ವೃತ್ತವು ಒಳ್ಳೆಯ ಉತ್ತರ.

ಗಣಿತವನ್ನು ಪ್ರಶ್ನೆಯ ರೂಪದಲ್ಲಿ ಕಲಿಸುವುದು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಹಣ್ಣು, ಹೂವು, ವ್ಯಾಪಾರಿಗಳ ಪ್ರಸಂಗಗಳನ್ನು ತೆಗೆದುಕೊಂಡು ಓದುವವನನ್ನು ಎದುರಿಗೆ ಕೂರಿಸಿಕೊಂಡಂತೆ ಪ್ರಶ್ನೆಗಳನ್ನು ಕೇಳುತ್ತಾನೆ. 1150ರಲ್ಲಿ ಭಾಸ್ಕರಾಚಾರ್ಯನು ಬರೆದ ಲೀಲಾವತಿಯಲ್ಲಿ ಅನೇಕ ಲೆಕ್ಕಗಳು ಒಬ್ಬ ಹೆಣ್ಣು ಮಗಳನ್ನು ಕುರಿತು ಕೇಳಿದವುಗಳಾಗಿವೆ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಈಚಿನ ಕಾಲದಲ್ಲಿ, ಹಂಗೇರಿ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಗಣಿತಜ್ಞ ಜಾರ್ಜ್ ಪೋಲ್ಯ ಎಂಬವರು 1945ರಲ್ಲಿ ಲೆಕ್ಕವನ್ನು ಬಿಡಿಸುವ ಬಗೆಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದರು. ಅದರ ಜೀವಾಳವು ಸೂತ್ರಗಳಲ್ಲ, ಪ್ರಶ್ನೆಗಳು: ಕಂಡುಹಿಡಿಯಬೇಕಾದದ್ದು ಯಾವುದು, ಕೊಟ್ಟಿರುವುದು ಯಾವುದು, ಇಂಥದೇ ಇನ್ನೊಂದನ್ನು ಮೊದಲು ಕಂಡಿದ್ದುಂಟೇ ಎಂಬಂಥವು. ಇವುಗಳನ್ನು ಮೊದಲು ಉಪಾಧ್ಯಾಯಿನಿ ಕೇಳುವಳು. ತರುವಾಯ ಗೆಳತಿಯರು ಒಬ್ಬರನ್ನೊಬ್ಬರು ಕೇಳುವರು. ಕಡೆಗೆ ಪ್ರತಿಯೊಬ್ಬಳೂ ತನ್ನನ್ನು ತಾನೇ ಕೇಳಿಕೊಳ್ಳುವಳು. ಈ ಮೂರನೆಯ ಮೆಟ್ಟಿಲನ್ನು ಹತ್ತಿಸುವುದೇ ಶಾಲೆಯ ಕೆಲಸ.

ಅಮೆರಿಕದ ಎರಡು ವಿಚಾರಣೆಗಳನ್ನೂ ಇಲ್ಲಿ ಹೇಳಬೇಕು. ಮೇರಿ ಬಡ್ ರೋ ಎಂಬ ವಿದುಷಿಯು 1970ರ ದಶಕದಲ್ಲಿ ಅನೇಕ ವಿಜ್ಞಾನದ ತರಗತಿಗಳ ಪಾಠಗಳನ್ನು ಧ್ವನಿಮುದ್ರಿಸಿ ಪರೀಕ್ಷಿಸಿದಾಗ, ಉಪಾಧ್ಯಾಯರು ಪ್ರಶ್ನೆಯನ್ನು ಕೇಳಿ ಉತ್ತರಕ್ಕಾಗಿ ಕಾಯುವುದು ಸರಾಸರಿ ಸುಮಾರು ಒಂದು ಸೆಕೆಂಡು ಮಾತ್ರವೆಂದು ತಿಳಿಯಿತು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಂದಿ ಮಕ್ಕಳು ಮಾತನಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚಿತು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್ಮನ್ ಎಂಬವರು, ಕಲನಶಾಸ್ತ್ರದಲ್ಲಿ ಕೆಲವು ವಿದ್ಯಾರ್ಥಿಗಳು ಏಕೆ ಸೋಲುತ್ತಾರೆ, ಕೆಲವರು ಏಕೆ ಗೆಲ್ಲುತ್ತಾರೆ ಎಂದು ವಿಚಾರಿಸಿದರು. ಸೋಲುತ್ತಿದ್ದ ಕರಿಯ ವಿದ್ಯಾರ್ಥಿಗಳು ಸೋಮಾರಿಗಳಾಗಿರಲಿಲ್ಲ. ಆದರೆ ಒಬ್ಬೊಬ್ಬರೇ ಕುಳಿತು ಓದುತ್ತಿದ್ದರು. ಚೀನೀ ಮನೆತನಗಳ ವಿದ್ಯಾರ್ಥಿಗಳಾದರೋ ತಾವು ಮಾಡಿದ ಲೆಕ್ಕಗಳನ್ನು ತಂದು ಒಟ್ಟಿಗೆ ಕುಳಿತು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್ಮನ್ನರು ಸುಲಭವಾದ ಪಾಠಗಳನ್ನು ಕೊಡದೆ, ಕಠಿನವಾದ ಲೆಕ್ಕಗಳನ್ನೇ ಕೊಟ್ಟು ಕೂಡಿ ಕೆಲಸ ಮಾಡಿಸಿದಾಗ ಮೊದಲಿನವರೂ ಚೆನ್ನಾಗಿ ತೇರ್ಗಡೆಯಾದರು. ಅವರಿಗಿದ್ದ ಕೊರತೆ ಬುದ್ಧಿಯದಲ್ಲ, ಜೊತೆಯದು. ನಮ್ಮ ದೇಶದ 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿನಲ್ಲಿಯೂ, ಗಣಿತವನ್ನು ಕಲಿಸುವುದರ ಮುಖ್ಯ ಗುರಿಯು ಮಗುವಿನ ಆಲೋಚನೆಯನ್ನು ಗಣಿತದ ರೀತಿಗೆ ಹದಗೊಳಿಸುವುದೆಂದು ಹೇಳಲ್ಪಟ್ಟಿದೆ.

ಹಾಗೆಂದು ನಾಲ್ವರನ್ನು ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ಯಾರೂ ಭಾವಿಸಬಾರದು. ನಾವೂ ಮೊದಲು ಹಾಗೆಯೇ ಭಾವಿಸಿ ಸೋತೆವು. ಚುರುಕಾದವಳು ಲೆಕ್ಕವನ್ನೆಲ್ಲ ತಾನೇ ಮಾಡಿದಳು. ಇಬ್ಬರು ನೋಡಿ ಬರೆದುಕೊಂಡರು. ನಾಲ್ಕನೆಯವಳು ಕಿಟಕಿಯ ಹೊರಗಿನ ಕಾಗೆಗಳನ್ನು ಎಣಿಸಿದಳು. ಹಳೆಯ ದೋಷವೇ ಹೊಸ ಬಟ್ಟೆಯನ್ನು ಉಟ್ಟು ಬಂದಿತ್ತು. ಆ ಮೇಲೆ ಕೆಲವು ನಿಯಮಗಳನ್ನು ಮಾಡಿಕೊಂಡೆವು. ಗುಂಪಿಗೆ ಒಂದೇ ಕಾಗದ, ಒಂದೇ ಪೆನ್ಸಿಲು. ಒಬ್ಬಳು ಓದುವವಳು, ಒಬ್ಬಳು ಬರೆಯುವವಳು, ಒಬ್ಬಳು ತಾಳೆ ನೋಡುವವಳು, ಒಬ್ಬಳು "ಏಕೆ?" ಎಂದು ಕೇಳುವವಳು, ಈ ಕೆಲಸಗಳು ವಾರವಾರವೂ ಕೈಬದಲಾಗಬೇಕು. ಉಪಾಧ್ಯಾಯಿನಿಯನ್ನು ಕರೆಯುವುದಕ್ಕೆ ಮುಂಚೆ ನಾಲ್ವರಲ್ಲಿ ವಿಚಾರಿಸಿಕೊಳ್ಳಬೇಕು. ಯಾರಿಗೂ ತಿಳಿಯದ ಪ್ರಶ್ನೆಯಾದರೆ ಮಾತ್ರ ಕೈಯೆತ್ತಬೇಕು. ಆಗ ಉಪಾಧ್ಯಾಯಿನಿಯು ನಾಲ್ವರಲ್ಲಿ ತನಗೆ ಬೇಕಾದವಳನ್ನು ಪ್ರಶ್ನೆಯೇನೆಂದು ಕೇಳುವಳು. ಆಕೆಗೆ ಗೊತ್ತಿಲ್ಲದಿದ್ದರೆ ಹಿಂದಿರುಗುವಳು. ಕೆಲಸ ಮುಗಿದ ಮೇಲೆ ಲೆಕ್ಕವನ್ನು ವಿವರಿಸುವುದಕ್ಕೂ ಯಾವಳನ್ನು ಕರೆಯುವರೆಂಬುದು ಮುಂಚೆ ತಿಳಿಯದು. ಹೀಗಾದ್ದರಿಂದ ತಿಳಿದವಳಿಗೆ ತಿಳಿಯದವಳನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ.

ಪ್ರಶ್ನೆ ಕೇಳುವುದನ್ನೂ ಕಲಿಸಬೇಕಾಗುತ್ತದೆ. "ನನಗೆ ಏನೂ ತಿಳಿಯಲಿಲ್ಲ" ಎಂಬುದು ಪ್ರಶ್ನೆಯಲ್ಲ, ಅದೊಂದು ನಿಟ್ಟುಸಿರು. "ಮೂರನೆಯ ಸಾಲಿನವರೆಗೆ ತಿಳಿಯಿತು, ನಾಲ್ಕನೆಯ ಸಾಲಿನಲ್ಲಿ ಎರಡು ಎಲ್ಲಿಂದ ಬಂತು?" ಎಂಬುದು ಪ್ರಶ್ನೆ. ನಮ್ಮ ಮಕ್ಕಳಿಗೆ ನಾಲ್ಕು ಪ್ರಶ್ನೆಗಳನ್ನು ಅಭ್ಯಾಸ ಮಾಡಿಸುತ್ತೇವೆ: ಇದು ಎಲ್ಲಿಂದ ಬಂತು? ಹೀಗೆ ಏಕೆ? ಯಾವಾಗಲೂ ಹೀಗೆಯೋ? ಬೇರೆ ದಾರಿ ಉಂಟೋ? ಕೇಳಲು ನಾಚುವವರಿಗಾಗಿ ತರಗತಿಯ ಮೂಲೆಯಲ್ಲಿ ಒಂದು ಪೆಟ್ಟಿಗೆಯನ್ನಿಟ್ಟಿದ್ದೇವೆ. ಹೆಸರಿಲ್ಲದೆ ಬರೆದು ಹಾಕಬಹುದು. ಮೊದಲ ತಿಂಗಳುಗಳಲ್ಲಿ ತುಂಬುವ ಆ ಪೆಟ್ಟಿಗೆಯು ವರ್ಷದ ಕೊನೆಗೆ ಬರಿದಾಗುತ್ತ ಬರುವುದು. ಅದು ನಮಗೆ ಸಂತೋಷದ ಸಂಗತಿ. ಯಾಕಂದರೆ ಅಷ್ಟರಲ್ಲಿ ಪ್ರಶ್ನೆಗಳು ಬಾಯಿಂದಲೇ ಬರುತ್ತಿರುತ್ತವೆ.

ತಾಯಿತಂದೆಗಳಿಗೆ ಇರುವ ಇನ್ನೊಂದು ಭಯವನ್ನು ಬಲ್ಲೆವು. "ಪರೀಕ್ಷೆಯಲ್ಲಿ ಒಬ್ಬಳೇ ಕುಳಿತು ಬರೆಯಬೇಕಲ್ಲವೇ? ಗುಂಪು ಅಲ್ಲಿಗೆ ಬರುವುದೇ?" ಎನ್ನುವರು. ನಿಜವೇ. ಆದಕಾರಣ ಕೂಡಿ ಕಲಿತದ್ದನ್ನು ಒಬ್ಬೊಬ್ಬಳೇ ಮಾಡಿ ತೋರಿಸಬೇಕೆಂದು ತಿಂಗಳಿಗೊಂದು ಕಿರುಪರೀಕ್ಷೆಯನ್ನು ಇಟ್ಟಿದ್ದೇವೆ, ಮಗ್ಗಿಯನ್ನೂ ಬಿಟ್ಟಿಲ್ಲ. ಚುರುಕಾದ ಮಗಳಿಗೆ ಇದರಿಂದ ನಷ್ಟವಾಗುವುದೆಂಬ ಶಂಕೆಗೂ ನಮ್ಮ ಅನುಭವವು ಸಮಾಧಾನ ಹೇಳುತ್ತದೆ. ಇನ್ನೊಬ್ಬಳಿಗೆ ತಿಳಿಯಪಡಿಸಲು ಹೊರಟಾಗಲೇ ತನಗೆ ಎಷ್ಟು ತಿಳಿದಿದೆಯೆಂಬುದು ಗೊತ್ತಾಗುವುದು. ಉಪಾಧ್ಯಾಯಿನಿಯರಾದ ಹಳೆಯ ವಿದ್ಯಾರ್ಥಿನಿಯರು ಇದನ್ನು ಒಪ್ಪುವರೆಂದು ನಂಬುತ್ತೇವೆ.

ಶಾಲೆಯ ಗೋಡೆಯಾಚೆಗೂ ಈ ಅಭ್ಯಾಸವು ಬೇಕು. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ದಾದಿಯರಾಗಿದ್ದಾರೆ. ದಶಾಂಶದ ಚುಕ್ಕೆಯು ಒಂದು ಸ್ಥಾನ ಬಲಕ್ಕೆ ಸರಿದರೆ ಔಷಧದ ಪ್ರಮಾಣವು ಹತ್ತರಷ್ಟಾಗುವುದೆಂಬುದು ಅವರಿಗೆ ಗೊತ್ತು. ವೈದ್ಯರು ಬರೆದದ್ದಾದರೂ ಸಂಶಯವಿದ್ದಲ್ಲಿ "ಇದು 0.5ರೋ 5ರೋ?" ಎಂದು ವಿನಯದಿಂದಲೂ ಧೈರ್ಯದಿಂದಲೂ ಕೇಳುವ ದಾದಿಯು ಒಂದು ಪ್ರಾಣವನ್ನು ಉಳಿಸಬಹುದು. ಇನ್ನು ಕೆಲವರು ಸ್ವಸಹಾಯ ಸಂಘಗಳ ಲೆಕ್ಕವನ್ನು ನೋಡಿಕೊಳ್ಳುತ್ತಾರೆ. ಸಾಲ ಕೊಡುವವನು "ನೂರಕ್ಕೆ ಬರಿಯ ಎರಡು ರೂಪಾಯಿ ಬಡ್ಡಿ" ಎಂದಾಗ, "ತಿಂಗಳಿಗೋ ವರ್ಷಕ್ಕೋ?" ಎಂದು ಕೇಳುವವಳಿಗೂ ಕೇಳದವಳಿಗೂ ವರ್ಷಕ್ಕೆ ನೂರಕ್ಕೆ 22 ರೂಪಾಯಿಗಳ ಅಂತರವಾಗಬಹುದು. ಹೆಣ್ಣು ಮಕ್ಕಳಿಗೆ ಸುಮ್ಮನಿರುವುದನ್ನು ಕಲಿಸುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸರಿಯಾದ ಸಮಯದಲ್ಲಿ ಸರಿಯಾದ ಪ್ರಶ್ನೆಯನ್ನು ಕೇಳುವುದನ್ನು ಶಾಲೆಯಾದರೂ ಕಲಿಸಬೇಡವೇ?

ಕೊನೆಯದಾಗಿ ಎರಡು ಬಿನ್ನಹಗಳು. ತಾಯಿತಂದೆಗಳೇ, ಸಂಜೆ ಮಗಳು ಮನೆಗೆ ಬಂದಾಗ "ಎಷ್ಟು ಅಂಕ ಬಂತು?" ಎಂದು ಕೇಳುವುದಕ್ಕೆ ಮುಂಚೆ "ಇಂದು ಏನನ್ನು ಕೇಳಿದೆ? ಯಾರಿಗೆ ಏನನ್ನು ಹೇಳಿಕೊಟ್ಟೆ?" ಎಂದು ಕೇಳಿರಿ. ಆಕೆಯ ಪ್ರಶ್ನೆಗೆ ಉತ್ತರವು ನಿಮಗೆ ತಿಳಿಯದಿದ್ದರೆ ನಾಚಿಕೆಪಡಬೇಡಿರಿ. "ಬಾ, ಕೂಡಿ ನೋಡೋಣ" ಎಂದರೆ ಸಾಕು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಆಸ್ಪತ್ರೆ, ಅಂಗಡಿ, ಕಚೇರಿ, ಹೊಲ, ಅಡಿಗೆಮನೆಗಳಲ್ಲಿ ನಿಮ್ಮನ್ನು ಕಾಡಿದ ಒಂದೊಂದು ಲೆಕ್ಕವನ್ನು ನಮಗೆ ಬರೆದು ಕಳುಹಿಸಿರಿ, ಅಥವಾ ನೀವೇ ಬಂದು ಒಂದು ದಿನ ಮಕ್ಕಳ ಜೊತೆಯಲ್ಲಿ ಕುಳಿತುಕೊಳ್ಳಿರಿ. ಅಂದು ಯಾವಾಗ ಕೇಳಬೇಕೆಂದು ತಿಳಿಯದೆ ಹೋದವಳು ಈ ಪುಟವನ್ನು ಓದುವಳೋ ಇಲ್ಲವೋ ಅರಿಯೆವು. ಓದಿದಲ್ಲಿ ಆಕೆಗೂ ಬಾಗಿಲು ತೆರೆದಿದೆ. ಕೇಳುವುದಕ್ಕೆ ಈಗಲೂ ಹೊತ್ತು ಮೀರಿಲ್ಲ. ಆ ತಂದೆಯವರು ಕಂಡ ಎಂಟನೆಯ ತರಗತಿಯಲ್ಲಿ ಗದ್ದಲವು ಈ ವರ್ಷವೂ ಇದೆ. ಬಂದು ಕೇಳಿರಿ.